ಚಂದಾ ನಿಂತರೆ ಚಿಂತನೆಗೂ ಬೀಗ

ಆದರ್ಶ ಇಲೆಕ್ಟ್ರಾನಿಕ್ ನೋಟ್‌ಬುಕ್ ತಯಾರಿಸಲು ಹೊರಟವರಿಗೆ ನನ್ನ ಮೊದಲ ಸಲಹೆ: ಅದನ್ನು ಕೊಳ್ಳುವವನ ತಲೆಯಲ್ಲಿ ವಿಚಾರ ಇರಲೇಬೇಕೆಂದು ಹಟ ಹಿಡಿಯಬೇಡಿ. ವಿಚಾರ ಇದ್ದವನು ಬಸ್ ಟಿಕೇಟಿನ ಹಿಂಬದಿಯಲ್ಲೂ ಗೀಚಿಕೊಂಡು ಹೋಗುತ್ತಾನೆ. ಅವನಿಂದ ನಿಮಗೆ ಬಿಡಿಗಾಸಿನ ಲಾಭವಿಲ್ಲ. ವಿಚಾರ ಹುಟ್ಟುವ ಮೊದಲೇ ಅದಕ್ಕೆ ಫೋಲ್ಡರ್ ಮಾಡಿಟ್ಟಿದ್ದಾನಲ್ಲ, ಅವನೇ ನಿಮ್ಮ ಗಿರಾಕಿ.

ಅವನಿಗೆ ಕೈತುಂಬ ಕೆಲಸ ಕೊಡಿ. ಟ್ಯಾಗು, ಟ್ಯಾಗಿನೊಳಗೊಂದು ಉಪಟ್ಯಾಗು, ಏಳು ಬಣ್ಣ, ಎಮೋಜಿ, ಟೆಂಪ್ಲೇಟು. ಸೋಮವಾರ ಟಿಪ್ಪಣಿಗಳನ್ನು ವಿಷಯವಾರು ಜೋಡಿಸಲಿ, ಬುಧವಾರ ದಿನಾಂಕವಾರು ಕಲಸಲಿ, ಶುಕ್ರವಾರ ಬೇರೆ ಆ್ಯಪಿಗೆ ಗುಳೆ ಹೊರಡಲಿ. ಓದದ ಲೇಖನವನ್ನು ಒಂದು ಒತ್ತಿಗೆ ಉಳಿಸಿಕೊಳ್ಳುವ ಗುಂಡಿ ಇರಲಿ, ಅದನ್ನು ಎಐ ಸಾರಾಂಶ ಮಾಡಲಿ, ಆ ಸಾರಾಂಶವನ್ನೂ ಓದದೆ ಉಳಿಸಿಕೊಳ್ಳಲು ಇನ್ನೊಂದು ಗುಂಡಿ ಇರಲಿ. ಬರೆಯಬೇಕಿದ್ದ ಲೇಖನ ಏನಾಯಿತು ಎಂದು ಕೇಳಬೇಡಿ. ಅದಕ್ಕೊಂದು ಅಂದವಾದ ಖಾಲಿ ಪುಟ ಸಿದ್ಧವಾಗಿದೆ.

ಈ ಕಸುಬಿಗೆ ಹಿರಿಯರೂ ಇದ್ದಾರೆ. 1945ರಲ್ಲಿ ಅಮೆರಿಕದ ವಿಜ್ಞಾನಿ ವ್ಯಾನೆವರ್ ಬುಷ್ ‘ಮೆಮೆಕ್ಸ್’ ಎಂಬ ಮೇಜನ್ನು ಕಲ್ಪಿಸಿಕೊಂಡರು. ಪುಸ್ತಕ, ಪತ್ರ, ಟಿಪ್ಪಣಿಗಳೆಲ್ಲ ಮೈಕ್ರೋಫಿಲ್ಮಾಗಿ ಅದರೊಳಗೆ ಕೂರಬೇಕು, ಬೇಕೆಂದಾಗ ಪರದೆಗೆ ಬರಬೇಕು, ಒಂದರಿಂದ ಇನ್ನೊಂದಕ್ಕೆ ಜಾಡು ಹಾಕಿಕೊಳ್ಳುವಂತಿರಬೇಕು. ಅದನ್ನು ಯಾರೂ ತಯಾರಿಸಲಿಲ್ಲ. ಹಾಗಾಗಿಯೇ ಇವತ್ತಿಗೂ ಒಮ್ಮೆಯೂ ಹ್ಯಾಂಗ್ ಆಗದ, ಪಾಸ್‌ವರ್ಡ್ ಕೇಳದ ನೋಟ್‌ಬುಕ್ ಅದೊಂದೇ. ತಯಾರಿಸಿದವರ ಪಾಡು ಬೇರೆ. ಕೈಬರಹ ಓದುತ್ತೇನೆಂದು 1993ರಲ್ಲಿ ಬಂದ ಆಪಲ್‌ನ ಕೈಗಣಕ ‘ನ್ಯೂಟನ್’ ಓದಿ ಹೇಳಿದ್ದನ್ನು ಕೇಳಿ ವ್ಯಂಗ್ಯಚಿತ್ರಕಾರರಿಗೆ ಹಬ್ಬವಾಯಿತು. 1998ರಲ್ಲಿ ಅದನ್ನು ನಿಲ್ಲಿಸಿದರು. ಗೂಗಲ್ 2006ರಲ್ಲಿ ‘ನೋಟ್‌ಬುಕ್’ ತೆರೆದು, ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿ, 2013ರಲ್ಲಿ ಮತ್ತೊಂದು ಹೆಸರಿನಲ್ಲಿ ಅಂಗಡಿ ತೆರೆಯಿತು.

ಇನ್ನು ವ್ಯಾಪಾರದ ಗುಟ್ಟು. ವಿನ್ಯಾಸ ಇಲಿಬೋನಿನಂತಿರಬೇಕು: ಒಳಗೆ ಹೋಗುವುದು ಸಲೀಸು, ಹೊರಗೆ ಬರುವುದು ಅವನ ಹಣೆಬರಹ. ಎವರ್‌ನೋಟ್ ಎಂಬ ಟಿಪ್ಪಣಿ ಆ್ಯಪು ವರ್ಷಗಟ್ಟಲೆ ಎಲ್ಲವನ್ನೂ ನನ್ನೊಳಗೆ ಸುರಿಯಿರಿ ಎಂದು ಕರೆಯಿತು. 2023ರ ಡಿಸೆಂಬರ್‌ನಿಂದ, ಕಾಸು ಕೊಡದವರಿಗೆ 50 ಟಿಪ್ಪಣಿಗಳಷ್ಟೇ ಎಂದಿತು. ಅಂದರೆ ಪುಕ್ಕಟೆಯಾಗಿ 50 ಸಲ ಮಾತ್ರ ಯೋಚಿಸಬಹುದು. 51ನೆಯದಕ್ಕೆ ಬಾಡಿಗೆ ಕಟ್ಟಬೇಕು. ನಮ್ಮ ವಿಚಾರ, ಅವರ ಉಗ್ರಾಣ, ತಿಂಗಳು ತಿಂಗಳು ದಂಡ.

ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಮರದ ಪೆಟ್ಟಿಗೆಗಳಲ್ಲಿ ಸುಮಾರು 90,000 ಚೀಟಿಗಳನ್ನು ಇಟ್ಟುಕೊಂಡು ಹತ್ತಾರು ಪುಸ್ತಕ ಬರೆದರು. ಈಗ ಅವರ ಚೀಟಿಪದ್ಧತಿಯನ್ನು ಆ್ಯಪಿಗೆ ಇಳಿಸಿ ಮಾರುತ್ತಿದ್ದಾರೆ. ಪೆಟ್ಟಿಗೆ ಬಂತು, ಚೀಟಿ ಬಂತು, ಕೊಂಡಿ ಬಂತು. ಕೂತು ಓದುವುದೊಂದು ಮುಂದಿನ ಅಪ್‌ಡೇಟಿನಲ್ಲಿ ಬರಬಹುದು.

ಯಾವ ಕಾರಣಕ್ಕೂ ನಿಮ್ಮ ಗಿರಾಕಿಗೆ ಶ್ರೀನಿವಾಸ ರಾಮಾನುಜನ್ ವಿಷಯ ಹೇಳಬೇಡಿ. ಕಾಗದ ದುಬಾರಿಯೆಂದು ಅವರು ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಲ್ಲಿ ಒರೆಸಿ, ಉತ್ತರವನ್ನಷ್ಟೇ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಅಳಿಸುವುದಕ್ಕೆ ಅಂಜದಿದ್ದ ಮನುಷ್ಯ; ಇಂಥವನಿಗೆ ‘ಅನ್‌ಲಿಮಿಟೆಡ್ ಸ್ಟೋರೇಜ್’ ಮಾರುವುದು ಹೇಗೆ? ಅವರು ತೀರಿಕೊಂಡದ್ದು 1920ರಲ್ಲಿ. ಕೊನೆಯ ವರ್ಷದ ಹಾಳೆಗಳು 1976ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿ ಗಣಿತಜ್ಞ ಜಾರ್ಜ್ ಆ್ಯಂಡ್ರೂಸ್ ಕೈಗೆ ಸಿಕ್ಕವು. ಟ್ಯಾಗಿಲ್ಲ, ಫೋಲ್ಡರಿಲ್ಲ, ಬ್ಯಾಕಪ್ಪಿಲ್ಲ. ಐವತ್ತಾರು ವರ್ಷಗಳ ನಂತರವೂ ಆ ಫೈಲು ಲಾಗಿನ್ ಕೇಳದೆ ತೆರೆದುಕೊಂಡಿತು. ಗಣಿತಜ್ಞರಿಗೆ ದಶಕಗಳ ಕೆಲಸ ಕೊಟ್ಟಿತು.

ಕೊನೆಯ ಸಲಹೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಎಲ್ಲ ಬಗೆಯ ಫೋಲ್ಡರುಗಳೂ ಇರಲಿ, ‘ಬರೆದು ಮುಗಿಸಿದ್ದು’ ಎಂಬುದೊಂದು ಬೇಡ. ಗಿರಾಕಿ ಅದನ್ನು ತೆರೆದು ನೋಡಿದ ದಿನವೇ ಚಂದಾ ನಿಲ್ಲಿಸುತ್ತಾನೆ.