ಚಿಗರಿ ನಿಂತೈತೇನ್ರಿ?

ಹುಬ್ಬಳ್ಳಿಯ ಉಣಕಲ್ ಕೆರೆ ಎದುರು ಸುಂಯ್ ಅಂತ ಹೋಗುವ ಚಿಗರಿ ಬಸ್ಸನ್ನು ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ, ಹೊಟ್ಟೆ ತುಂಬಿದ ಎಮ್ಮೆಯಂತೆ ಕಾಣುತ್ತದೆ. ಮೊಬೈಲ್ ಸೆಕೆಂಡಿಗೆ 240 ಚಿತ್ರ ತೆಗೆದು, 30ರಂತೆ ತೋರಿಸಿದರೆ ಒಂದು ಸೆಕೆಂಡು ಎಂಟಾಗುತ್ತದೆ. ಹಗಲಲ್ಲಿ ಸೈ. ರಾತ್ರಿ ಮಿರ್ಚಿ ಅಂಗಡಿಯ ಹಳೇ ಟ್ಯೂಬ್‌ಲೈಟಿನಡಿ ಫಜೀತಿ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದು, ದೀಪ ಮಿಣುಕುವುದು 100 ಸಲ. ಬರಿಗಣ್ಣಿಗೆ ಕಾಣದ್ದು ವಿಡಿಯೋದಲ್ಲಿ ಇಡೀ ಅಂಗಡಿಯೇ ಕಣ್ಣು ಹೊಡೆದಂತೆ ಕಾಣುತ್ತದೆ!

ಆದರೂ ಮಿರ್ಚಿ ಎಣ್ಣೆಗಿಳಿಯುವ ಗತ್ತು ನೋಡಬೇಕು. ಮೊದಲು ಮುಳುಗಿ, ಮೈತುಂಬ ಗುಳ್ಳೆ ಎಬ್ಬಿಸಿ, ಸಾವಕಾಶ ಮಗ್ಗುಲಾಗುತ್ತದೆ.

“ಅಣ್ಣಾರ, ಇನ್ನೊಂದ್ ಬಿಡ್ರಿ, ಸರಿ ಬರಲಿಲ್ಲ.”

“ಬಿಡ್ತೀನ್ರಿ ಸರ. ಬಿಟ್ಟದ್ದೆಲ್ಲಾ ನೀವ ತಿನ್ನಬೇಕ ನೋಡ್ರಿ, ರೊಕ್ಕ ಮಾತ್ರ ಫಾಸ್ಟ್ ಕೊಡ್ರಿ!”