ಮೇಲ್ಮನೆಯ ತಟ್ಟೆ, ಕೆಳಮನೆಯ ಬೆಣ್ಣೆ

ನಮ್ಮ ಕಡೆ ಬೆಣ್ಣೆಗೆ ಬೆಣ್ಣೆಯಾಗಿಯೇ ಬಾಳುವ ಹಕ್ಕಿಲ್ಲ. ಮಜ್ಜಿಗೆಯಿಂದ ಮೇಲೆದ್ದು ಬಂದ ಗಳಿಗೆಯಿಂದಲೇ ಅದು ಮನೆಯ ಹೆಂಗಸರ ಕಣ್ಣಿಗೆ ತುಪ್ಪವಾಗಿ ಕಾಣತೊಡಗುತ್ತದೆ. ವಾರವಿಡೀ ಕೆನೆ ಕೂಡಿಟ್ಟು, ಹೆಪ್ಪು ಹಾಕಿ, ಕಡೆದು, ತೊಳೆದು, ಉಂಡೆ ಕಟ್ಟಿದ ಮೇಲೆ ಒಂದೆರಡು ದಿನ ತಣ್ಣೀರಿನ ಬಟ್ಟಲಲ್ಲಿ ತೇಲುವ ಅವಕಾಶ ಸಿಗುತ್ತದೆ, ಅಷ್ಟೆ. ಆಮೇಲೆ ಬಾಣಲೆ, ಉರಿ, ಒಂದು ವೀಳ್ಯದೆಲೆ. ಬಿಸಿ ಅಕ್ಕಿರೊಟ್ಟಿಯ ಮೇಲೋ ದಾವಣಗೆರೆಯ ದೋಸೆಯ ಮೇಲೋ ಕೂರಲು ಎಲ್ಲೋ ಒಂದಿಷ್ಟು ಬೆಣ್ಣೆಗೆ ಅದೃಷ್ಟವಿರುತ್ತದೆ. ಬೆಣ್ಣೆಯನ್ನು ಬೆಣ್ಣೆಯೆಂದೇ ಮೆಚ್ಚಿ ತಿಂದವನು ಕೃಷ್ಣನೊಬ್ಬ. ಅವನೂ ಕದ್ದೇ ತಿನ್ನಬೇಕಾಯಿತು. ಉಡುಪಿಯಲ್ಲಿ ಅವನು ಕಡೆಗೋಲನ್ನೂ ಹಗ್ಗವನ್ನೂ ತಾನೇ ಹಿಡಿದುಕೊಂಡು ನಿಂತಿರುವುದಕ್ಕೆ ಪಂಡಿತರು ಏನೇ ಕಾರಣ ಹೇಳಲಿ, ನನಗೆ ತೋಚುವುದು ಒಂದೇ: ಕಡೆಯುವ ಸಾಮಾನು ಯಶೋದೆಯ ಕೈಗೆ ಹೋದರೆ ಮುಂದಿನದು ತುಪ್ಪವೇ ಎಂದು ಅವನಿಗೆ ಗೊತ್ತಿತ್ತು.

ಹಾಸನದ ಕಡೆಯವನಾದ ನಾನು ಬೆಣ್ಣೆಯ ಇನ್ನೊಂದು ಜಾತಕವನ್ನು ನೋಡಿದ್ದು ಕುಕ್ ಟೌನಿನ ಹಳೆಯ ಮನೆಯೊಂದರ ಕೆಳಗಡೆ ಬಾಡಿಗೆಗೆ ಸೇರಿದ ಮೇಲೆ. 1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿ ದಂಡನ್ನು ಬೆಂಗಳೂರಿಗೆ ಸಾಗಿಸಿದರಲ್ಲ, ಆಗಿನಿಂದ ಊರಿನ ಈ ಭಾಗದಲ್ಲಿ ಬೆಣ್ಣೆಯೆಂದರೆ ಬ್ರೆಡ್ಡಿಗೆ ಸವರುವ ಪದಾರ್ಥ. ಪಕ್ಕದ ಫ್ರೇಜರ್ ಟೌನಿನ ಮಾಸ್ಕ್ ರೋಡಿನಲ್ಲಿ ಆಲ್ಬರ್ಟ್ ಬೇಕರಿ ಶುರುವಾದದ್ದು 1902ರಲ್ಲಿ. 1923ರಲ್ಲಿ ಸರ್ಕಾರ ಹೈನುಗಾರಿಕೆಗೆಂದು ಇಂಪೀರಿಯಲ್ ಸಂಸ್ಥೆಯೊಂದನ್ನು ತೆರೆದದ್ದೂ ಬೆಂಗಳೂರಿನಲ್ಲೇ. 1927ರಲ್ಲಿ, ನಂದಿಬೆಟ್ಟದಲ್ಲಿ ಸುಧಾರಿಸಿಕೊಂಡು ಇಳಿದು ಬಂದ ಗಾಂಧೀಜಿ ಅಲ್ಲಿ ಶಿಷ್ಯರಾಗಿ ಕೂತು ಪಾಠ ಹೇಳಿಸಿಕೊಂಡರು. ತಾವು ಕುಡಿಯುತ್ತಿದ್ದುದು ಆಡಿನ ಹಾಲಾದರೂ ಹಸುವಿನ ಶಾಸ್ತ್ರ ಕಲಿತರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. 1955ರಲ್ಲಿ ಆ ಸಂಸ್ಥೆಯ ಮುಖ್ಯ ಕೇಂದ್ರ ಕರ್ನಾಲಿಗೆ ಹೋಯಿತು, ದಕ್ಷಿಣದ ಶಾಖೆ ಆಡುಗೋಡಿಯಲ್ಲಿ ಉಳಿಯಿತು. ಈಗ ಆ ಕಡೆ ಹೋದರೆ, ಸಿಗ್ನಲ್ಲಿನಲ್ಲಿ ನಿಂತಷ್ಟು ಹೊತ್ತಿನಲ್ಲಿ ಒಂದು ಗಡಿಗೆ ಮೊಸರು ಕಡೆದು ಮುಗಿಸಬಹುದು.

ನಾನು ಬೆಣ್ಣೆಗೆ ಕೈ ಹಾಕಲು ಕಾರಣ ಗಾಂಧೀಜಿಯಲ್ಲ, ಒಂದು ತಟ್ಟೆ. ಮೇಲ್ಮನೆಯಲ್ಲಿರುವ ನಮ್ಮ ಓನರ್ ಆಂಟಿ ಆಂಗ್ಲೋ-ಇಂಡಿಯನ್ನರು. ವರ್ಷವರ್ಷವೂ ಡಿಸೆಂಬರ್ 24ರ ಸಂಜೆ ಕ್ರೋಶದ ಬಟ್ಟೆ ಹೊದಿಸಿದ ತಟ್ಟೆಯೊಂದು ಮೆಟ್ಟಿಲಿಳಿದು ಬರುತ್ತದೆ. ಅದರಲ್ಲಿ ರಮ್ಮಿನಲ್ಲಿ ನೆನೆದ ಹಣ್ಣಿನ ಕೇಕು, ಅಚ್ಚಿನಲ್ಲಿ ಅದ್ದಿ ಕರಿದ ರೋಸ್ ಕುಕೀಸು, ಕುಲ್‌ಕುಲ್. ಹಳೆಯ ಕಾಲದಲ್ಲಿ ಇಲ್ಲಿಯ ಮನೆಗಳವರು ಕೇಕಿನ ಹಿಟ್ಟನ್ನು ಮನೆಯಲ್ಲೇ ಕಲಸಿ, ಟಿನ್ನುಗಳಲ್ಲಿ ಹೊತ್ತು ಬೇಕರಿಯ ಸೌದೆ ಒಲೆಗೆ ಒಯ್ಯುತ್ತಿದ್ದರಂತೆ. ಆಂಟಿ ಆಗ ಲಂಗದ ಹುಡುಗಿ. ಟಿನ್ನು ಅದಲುಬದಲಾಗದಂತೆ ಕಾಯುವ ಕೆಲಸ ಅವರದ್ದು. "ನಮ್ಮಮ್ಮ ಹಾಕಿದ್ ಗೋಡಂಬಿ ಬೇರೆಯೋರ್ ಮನೇಗ್ ಹೋದ್ರೆ ನಂಗ್ ಏಟು" ಎಂದು ಈಗಲೂ ಹೇಳುತ್ತಾರೆ.

ಚಳಿಗಾಲಕ್ಕೆಂದು ಊರಿನಿಂದ ಬಂದಿದ್ದ ನಮ್ಮಮ್ಮ ಕುಲ್‌ಕುಲ್ ಒಂದನ್ನು ಎತ್ತಿ ಹೊರಳಿಸಿ ನೋಡಿ, "ಇದು ನಮ್ಮ ಶಂಕರಪೋಳಿ ಹಿಟ್ಟೇ ಕಣೋ, ಬಾಚಣಿಗೆ ಮೇಲೆ ಉರುಳಿಸಿದ್ದಾರೆ" ಎಂದರು. ಬಾಚಣಿಗೆಯ ವಿಷಯ ಅವರ ಊಹೆಯೇ ಇರಬಹುದು, ಆದರೆ ಸತ್ಯವೇ. ಹೊಸ ಬಾಚಣಿಗೆ ಅಥವಾ ಫೋರ್ಕಿನ ಬೆನ್ನ ಮೇಲೆ ಒತ್ತಿ ಸುತ್ತಿದರೇ ಆ ಗೆರೆ ಮೂಡುವುದು.

ತಟ್ಟೆ ಖಾಲಿ ಹಿಂದಿರುಗಿಸಬಾರದು ಎಂಬುದು ನಮ್ಮ ಮನೆಯ ಸಂವಿಧಾನ. ಈವರೆಗೆ ಕೋಡುಬಳೆ ಹೋಗುತ್ತಿತ್ತು. ಆದರೆ ಈಚೆಗೆ ಆಂಟಿ ಹಲ್ಲುಸೆಟ್ಟು ಕಟ್ಟಿಸಿಕೊಂಡಿದ್ದರು. ಕೋಡುಬಳೆ ಕೊಟ್ಟರೆ ಸ್ನೇಹವೋ ಸೆಟ್ಟೋ ಒಂದು ಮುರಿಯುತ್ತದೆ. ಅದೇ ಹೊತ್ತಿಗೆ ಆಂಟಿ ತಮ್ಮಮ್ಮ ಮಾಡುತ್ತಿದ್ದ ಬ್ರಾಂಡಿ ಬಟರಿನ ಮಾತೆತ್ತಿದ್ದರು. ಬೆಣ್ಣೆಗೆ ಸಕ್ಕರೆ, ಬ್ರಾಂಡಿ ಹಾಕಿ ಚೆನ್ನಾಗಿ ನಾದಿ, ಹಬೆಯಾಡುವ ಪುಡಿಂಗಿನ ಮೇಲಿಟ್ಟರೆ ಮೆಲ್ಲಗೆ ಕರಗಿ ಇಳಿಯುತ್ತಿತ್ತಂತೆ. ಅಮೆರಿಕದಲ್ಲಿರುವ ನನ್ನ ತಂಗಿಯ ಮನೆಯಲ್ಲೂ ನವೆಂಬರ್ ಬಂದರೆ ಇಂಥದ್ದೇ ಒಂದು ಇರುತ್ತದೆ; ಬ್ರಾಂಡಿ ಇಲ್ಲ, ಚಕ್ಕೆ, ಲವಂಗ, ಜಾಕಾಯಿ, ಮೇಪಲ್ ಸಿರಪ್ಪು. ಮನೆಯಲ್ಲಿ ಅಮ್ಮ ಇರುವಾಗ ಬ್ರಾಂಡಿ ಬಾಗಿಲು ದಾಟುವಂತಿಲ್ಲ (ಊರಲ್ಲಿ ಅಜ್ಜನ ಕೆಮ್ಮಿಗೆಂದು ತಂದ ಬಾಟಲಿ ಕೆಮ್ಮು ಇಲ್ಲದ ದಿನಗಳಲ್ಲೂ ಇಳಿಯುತ್ತಿದ್ದ ಇತಿಹಾಸವಿದೆ). ಹಾಗಾಗಿ ತಂಗಿಯ ದಾರಿ ಹಿಡಿದೆ. ಮೇಪಲ್ಲಿನ ಬದಲು ಶಿರಸಿಯ ಜೋನಿಬೆಲ್ಲ ಇತ್ತು, ಮತ್ತು ಅದು ಮೇಪಲ್ಲಿಗಿಂತ ಮೇಲು ಎಂದು ನಾನು ಯಾವ ಸಭೆಯಲ್ಲಿ ಬೇಕಾದರೂ ವಾದಿಸಬಲ್ಲೆ.

ಮಸಾಲೆಗೆ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರ್ಕೆಟ್ಟಿನ ಕಟ್ಟಡಕ್ಕೆ 1927ರ ವಯಸ್ಸು. ಅದರ ಆಸುಪಾಸಿನ ಮಸಾಲೆ ಅಂಗಡಿಗಳಲ್ಲಿ ಗಿರಾಕಿಯ ಮುಖ ನೋಡಿಯೇ ಪೊಟ್ಟಣ ಕಟ್ಟುತ್ತಾರೆ.

"ಚಕ್ಕೆ, ಲವಂಗ, ಏಲಕ್ಕಿ, ಜಾಕಾಯಿ. ಎಷ್ಟ್ ಕೆಜಿ ಬಿರಿಯಾನಿ ಸಾರ್?"

"ಬಿರಿಯಾನಿಗಲ್ಲ. ಬೆಣ್ಣೆಗೆ."

ಅವನ ತಕ್ಕಡಿ ನಿಂತಿತು. "ಬೆಣ್ಣೆಗ್ ಯಾಕ್ ಸಾರ್ ಚಕ್ಕೆ? ಬೆಣ್ಣೆಗ್ ಗುಲ್ಕನ್ ಹಾಕ್ಬೇಕು."

ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ವಿ.ವಿ.ಪುರದ ತಿಂಡಿಬೀದಿಗೆ ರಾತ್ರಿ ಹೋದವರೆಲ್ಲ ಆ ಬೆಣ್ಣೆ ಗುಲ್ಕನ್ ತಿಂದಿರುತ್ತಾರೆ. ಗುಲಾಬಿಯ ಎಸಳು, ಸಕ್ಕರೆ ಬಿಸಿಲಲ್ಲಿ ಬೆಂದು ಕಪ್ಪುಗೆಂಪಾದ ಗುಲ್ಕನ್ನಿನ ಜೊತೆ ಬಿಳಿ ಬೆಣ್ಣೆಯ ಒಂದು ತುಂಡು. ಇದರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಸಣ್ಣ ಗಾಜಿನ ಬಟ್ಟಲಿನಲ್ಲಿಟ್ಟರೆ ಇಂದಿರಾನಗರದಲ್ಲಿ ಮುನ್ನೂರು ರೂಪಾಯಿಗೆ ಮಾರಬಹುದು. ಬೀದಿಯಲ್ಲಿ ತಿಂದವರಿಗೆ ಮಾತ್ರ ತಾವು ದೊಡ್ಡದೇನೋ ತಿಂದೆವೆಂಬ ಗರ್ವ ಬರುವುದಿಲ್ಲ. ಅಂಗಡಿಯವನು ಚಕ್ಕೆ ತೂಗುತ್ತ ಇನ್ನೊಂದು ಉಪಕಾರವನ್ನೂ ಮಾಡಿದ. ನಾವು ಪಲಾವಿಗೆ ಹಾಕುವ ದಪ್ಪ ತೊಗಟೆ ಕಾಸಿಯಾ ಜಾತಿಯದು, ಖಾರ ಜಾಸ್ತಿ. ಸಿಂಹಳದ್ದು ತೆಳುಪದರದ ಸುರುಳಿ, ಬೆರಳಲ್ಲೇ ಪುಡಿಯಾಗುತ್ತದೆ, ಪರಿಮಳ ಮೃದು. "ಸ್ವೀಟಿಗಾದ್ರೆ ಇದ್ ತಗೊಳ್ಳಿ" ಎಂದು ಸುರುಳಿಯನ್ನೇ ಕೊಟ್ಟು, ಬೆಲೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಇನ್ನು ಬೆಣ್ಣೆ. ಇಂಗ್ಲಿಷ್ ಅಡುಗೆ ಪುಸ್ತಕಗಳೆಲ್ಲ ಬೆಣ್ಣೆಯನ್ನು ಕೋಣೆಯ ಶಾಖದಲ್ಲಿ ಇಟ್ಟುಕೊಳ್ಳಿ ಎನ್ನುತ್ತವೆ. ಯಾರ ಕೋಣೆ ಎಂದು ಹೇಳುವುದಿಲ್ಲ. ಅವರ ಮನಸ್ಸಿನಲ್ಲಿರುವುದು ಹದಿನೆಂಟಿಪ್ಪತ್ತು ಡಿಗ್ರಿ. ಬೆರಳೊತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಎಣ್ಣೆ ಹತ್ತಬಾರದು. ಏಪ್ರಿಲಿನಲ್ಲಿ ಬೆಂಗಳೂರಿನ ಅಡುಗೆಮನೆಯಲ್ಲಿ ಹಾಗೆ ಇಟ್ಟರೆ ಬೆಣ್ಣೆಯನ್ನು ಸೌಟಿನಿಂದ ಎತ್ತಬೇಕಾಗುತ್ತದೆ. ಡಿಸೆಂಬರಿನಲ್ಲಿ ಮಾತ್ರ, ಸಮುದ್ರಮಟ್ಟಕ್ಕಿಂತ ಒಂಬೈನೂರು ಚಿಲ್ಲರೆ ಮೀಟರ್ ಎತ್ತರದ ನಮ್ಮೂರು ಆ ಪುಸ್ತಕಗಳ ಮಾನ ಉಳಿಸುತ್ತದೆ. ಬೆಳಗಿನ ಜಾವ ಹೊರಗೆ ಹದಿನೈದು ಹದಿನಾರು, ಒಳಗೆ ಅದಕ್ಕಿಂತ ತುಸು ಮೇಲೆ. 1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿಗೆ ಇಳಿದಿತ್ತು. ಆ ದಿನ ದಂಡಿನ ದೊರೆಗಳು ಬ್ರೆಡ್ಡಿಗೆ ಬೆಣ್ಣೆ ಸವರಿದರೋ ಕೆತ್ತಿದರೋ.

ಅರ್ಧ ಕೆಜಿ ನಂದಿನಿ, ಉಪ್ಪಿಲ್ಲದ್ದು. ಮರದ ಸೌಟಿನಲ್ಲಿ ಬಣ್ಣ ತೆಳುವಾಗುವವರೆಗೆ ನಾದಿದೆ. ಒಳಗೆ ಗಾಳಿ ಸೇರಿದಷ್ಟೂ ಅದು ಹಗುರ. ಜರಡಿ ಹಿಡಿದ ಬೆಲ್ಲದ ಪುಡಿ ಮೊದಲು, ಜೋನಿಬೆಲ್ಲ ಆಮೇಲೆ, ಅದೂ ತೊಟ್ಟು ತೊಟ್ಟಾಗಿ. ಇಲ್ಲೊಂದು ಗುಟ್ಟಿದೆ. ಬೆಣ್ಣೆಯಲ್ಲಿ ನೂರಕ್ಕೆ ಎಂಬತ್ತರಷ್ಟು ಜಿಡ್ಡು, ನೀರು ಹದಿನಾರರ ಆಸುಪಾಸು. ಸಿಹಿ ಕರಗುವುದು ನೀರಿನಲ್ಲಿ, ಜಿಡ್ಡಿನಲ್ಲಲ್ಲ. ಆತುರಪಟ್ಟು ಒಟ್ಟಿಗೆ ಸುರಿದರೆ ಆಸ್ತಿ ಭಾಗವಾದ ಅಣ್ಣತಮ್ಮಂದಿರ ಹಾಗೆ ಬೆಲ್ಲ ಒಂದು ಮೂಲೆಗೆ, ಬೆಣ್ಣೆ ಒಂದು ಮೂಲೆಗೆ. ಮಸಾಲೆಯ ಕಥೆ ತಿರುಗುಮುರುಗು: ಅದರ ಪರಿಮಳದ ಎಣ್ಣೆ ಕರಗುವುದು ಜಿಡ್ಡಿನಲ್ಲೇ. ಹಾಕಿದ ದಿನ ಸಾಧುವಾಗಿ ಕಂಡದ್ದು ಮರುದಿನ ಬಾಯಿಬಿಡುತ್ತದೆ. ಅದಕ್ಕೇ ಚಕ್ಕೆಪುಡಿ ಎರಡು ಚಿಕ್ಕ ಚಮಚಕ್ಕೆ ನಿಲ್ಲಿಸಿದೆ. ಏಲಕ್ಕಿ ಸ್ವಲ್ಪ ಧಾರಾಳವಾಗಿ, ಲವಂಗ ಚಿಟಿಕೆ, ಜಾಕಾಯಿ ತುರಿಮಣೆಗೆ ನಾಲ್ಕು ಸಲ ತೀಡಿದಷ್ಟು, ಉಪ್ಪು ಎರಡು ಹರಳು. ಎರಡು ಜಾಮ್ ಬಾಟಲಿ ತುಂಬಿತು. ಬಣ್ಣ ತೆಳು ಕಂದು, ಮೈತುಂಬ ಸಣ್ಣ ಸಣ್ಣ ಚುಕ್ಕಿ. ನನ್ನ ಹೆಂಡತಿ ಮುಚ್ಚಳ ತೆಗೆದು ಮೂಸಿ, "ಇದು ಬಾಯಿಗಾ, ಮುಖಕ್ಕಾರೀ?" ಎಂದಳು. ಬಾಟಲಿಗಳು ಫ್ರಿಜ್ಜಿಗೆ ಹೋದವು. ಡೇವಿಸ್ ರೋಡಿನ ಹೋಲಿ ಗೋಸ್ಟ್ ಚರ್ಚಿನಲ್ಲಿ ಹೊಸವರ್ಷದ ಪೂಜೆ ಮುಗಿಸಿ ಆಂಟಿ ಮರಳುವ ಹೊತ್ತಿಗೆ ತಟ್ಟೆಯ ಸಮೇತ ಕೊಡುವುದೆಂದು ಯೋಜನೆ.

ಆ ಯೋಜನೆಯಲ್ಲಿ ಧನುರ್ಮಾಸಕ್ಕೆ ಜಾಗವಿರಲಿಲ್ಲ. ಕ್ರಿಸ್‌ಮಸ್ ಪ್ರತಿವರ್ಷವೂ ಬೀಳುವುದು ಧನುರ್ಮಾಸದ ಮಡಿಲಲ್ಲೇ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಸೂರ್ಯ ಹುಟ್ಟುವ ಮೊದಲೇ ದೇವರಿಗೆ ಬಿಸಿ ಹುಗ್ಗಿಯ ನೈವೇದ್ಯ ಆಗಬೇಕು. ಮೇಲ್ಮನೆಯಲ್ಲಿ ನಡುರಾತ್ರಿಯ ಪೂಜೆಗೆ ಹೋಗಿಬಂದವರು ಮಲಗಿದ ಸ್ವಲ್ಪ ಹೊತ್ತಿಗೆಲ್ಲ ಕೆಳಮನೆಯಲ್ಲಿ ಅಮ್ಮ ಎದ್ದು ನೀರು ಕಾಯಿಸುತ್ತಾರೆ. ಬಾಟಲಿಗಳು ಫ್ರಿಜ್ಜು ಸೇರಿದ ಮರುದಿನ ಬೆಂಗಳೂರು ಈಸ್ಟ್ ಸ್ಟೇಷನ್ನಿನ ಕಡೆಯಿಂದ ರೈಲಿನ ಕೂಗು ಕೇಳುವ ಹೊತ್ತಿಗೆ ಸಿಹಿ ಹುಗ್ಗಿ ಬೆಂದಿತ್ತು, ತುಪ್ಪದ ಡಬ್ಬಿ ಬರಿದಾಗಿತ್ತು. ಅಮ್ಮ ಫ್ರಿಜ್ಜು ತೆಗೆದರು.

ನಾನು ಎದ್ದದ್ದು ಪರಿಮಳಕ್ಕೆ. ಅಡುಗೆಮನೆಗೆ ಹೋಗುವಷ್ಟರಲ್ಲಿ ಬಾಣಲೆಯ ಚಟಚಟ ಸದ್ದು ನಿಲ್ಲುತ್ತ ಬಂದಿತ್ತು. ಎಂದರೆ ಬೆಣ್ಣೆಯೊಳಗಿನ ನೀರೆಲ್ಲ ಆರಿ ಹೋಗಿತ್ತು. ವೀಳ್ಯದೆಲೆ ಗರಿಗರಿಯಾಗಿತ್ತು. ಜಾಮ್ ಬಾಟಲಿಗಳೆರಡೂ ತೊಳೆದು ಬೋರಲು ಹಾಕಿದ್ದವು.

"ಅಮ್ಮಾ, ಅದು ಮೇಲ್ಮನೆಗೆ ಮಾಡಿದ್ದು!"

"ನಂಗೇನ್ ಗೊತ್ತೋ? ಏಲಕ್ಕಿ ಘಮ ಬರ್ತಿತ್ತು, ಬೆಲ್ಲಾನೂ ಬಿದ್ದಿತ್ತು. ನಾಳೆ ಹುಗ್ಗಿಗೆ ಅಂತ ಸೊಸೆ ಎಲ್ಲಾ ಸೇರಿಸಿ ಇಟ್ಟಿದಾಳೆ, ಎಷ್ಟು ಜಾಣೆ ಅಂದ್ಕೊಂಡೆ."

ಹೊಗಳಿಕೆ ಸೊಸೆಗೆ ಹೋದದ್ದನ್ನು ಸಹಿಸಿಕೊಂಡೆ. "ಅದಕ್ಕೆ ಚಕ್ಕೆ ಹಾಕಿದೀನಮ್ಮ."

"ಬೆಣ್ಣೆಗ್ ಯಾರಾದ್ರೂ ಚಕ್ಕೆ ಹಾಕ್ತಾರೇನೋ?" ಶಿವಾಜಿನಗರವೂ ಹಾಸನವೂ ಈ ವಿಷಯದಲ್ಲಿ ಒಂದೇ. ಆಮೇಲೆ ಏನೋ ನೆನಪಾಗಿ ಅವರ ಮುಖ ಬಿಗಿಯಿತು. "ದೇವರಿಗೆ ಇಟ್ಟಾಯ್ತು. ನೀನೇನೂ ಅದನ್ನ ನೆಕ್ಕಿ ನೋಡಿರಲಿಲ್ಲ ತಾನೇ?"

ಆ ಪ್ರಶ್ನೆಗೆ ನಾನು ಈವರೆಗೂ ಉತ್ತರ ಕೊಟ್ಟಿಲ್ಲ.

ಕೊಡಬೇಕಾದ ಅಗತ್ಯವನ್ನು ತಪ್ಪಿಸಿದವರು ಆಂಟಿ. ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದರು. ಪರಿಮಳ ಮೆಟ್ಟಿಲು ಹತ್ತಿ ಅವರನ್ನು ಎಬ್ಬಿಸಿ ಕರೆದುಕೊಂಡೇ ಇಳಿದಿತ್ತು. "ಏನಮ್ಮಾ, ಪುಡಿಂಗ್ ಸ್ಟೀಮ್ ಮಾಡ್ತೀರಾ?" ಅಮ್ಮನಿಗೆ ಪುಡಿಂಗು ಗೊತ್ತಿಲ್ಲ, ಸ್ಟೀಮೂ ಗೊತ್ತಿಲ್ಲ. "ಬನ್ನಿ ಬನ್ನಿ, ಬಿಸಿಯಾಗಿದೆ" ಎಂದು ಮಣೆ ಎಳೆದರು. ಆಂಟಿಯ ಮೊಣಕಾಲಿಗೆ ಮಣೆ ಆಗದು. ಸ್ಟೂಲು ತಂದುಕೊಟ್ಟೆ. ಹುಗ್ಗಿಯ ಮೇಲೆ ತುಪ್ಪ ಬಿತ್ತು. ಬೇಳೆ, ಅಕ್ಕಿ, ಬೆಲ್ಲ, ಮೇಲೆ ಚಕ್ಕೆ ಲವಂಗದ ತುಪ್ಪ; ಆಂಟಿ ಕಣ್ಣು ಮುಚ್ಚಿ ತಿಂದರು, ಎರಡನೆಯ ಸಲ ಕೇಳಿ ಹಾಕಿಸಿಕೊಂಡರು.

ನಿಜವಾದ ಐಶ್ವರ್ಯ ಬಾಣಲೆಯ ತಳದಲ್ಲಿತ್ತು. ತುಪ್ಪದ ಗಸಿಗೆ ಮಕ್ಕಳು ಜಗಳವಾಡುವುದು ನಮ್ಮಲ್ಲಿ ಹಳೆಯ ಸಂಗತಿ, ಆದರೆ ಇದು ಬರಿಯ ಗಸಿಯಲ್ಲ. ಜಿಡ್ಡಿಗೆ ಸೇರದ ಬೆಲ್ಲವೆಲ್ಲ ತಳಕ್ಕಿಳಿದು, ಹಾಲಿನ ಅಂಶದೊಡನೆ ಕೂಡಿ ಕಾದು, ಕಂದು ಟಾಫಿಯಾಗಿತ್ತು. ಅಮ್ಮ ಇನ್ನರ್ಧ ನಿಮಿಷ ಬಿಟ್ಟಿದ್ದರೆ ಕರಕಲು, ಅವರು ಬಿಡುವವರಲ್ಲ. ಇಬ್ಬರೂ ಬಾಣಲೆಯ ಎರಡು ಬದಿಯಲ್ಲಿ ಚಮಚ ಹಿಡಿದು ಕೆರೆಯತೊಡಗಿದರು. ನನಗೆ ಚಮಚ ಕೊಡಲಿಲ್ಲ.

"ಇದಕ್ ಟೂ ಸ್ಪೂನ್ ಬ್ರಾಂಡಿ ಬಿದ್ದಿದ್ರೆ, ಮೈ ಗಾಡ್!" ಎಂದರು ಆಂಟಿ.

"ಏನಂದ್ರೋ?" ಎಂದರು ಅಮ್ಮ.

"ತುಂಬಾ ಚೆನ್ನಾಗಿದೆ ಅಂದ್ರು."

ತಟ್ಟೆಯಲ್ಲಿ ಹುಗ್ಗಿ, ಅದರ ಪಕ್ಕ ಒಂದು ಗಿಂಡಿ ತುಪ್ಪ ಇಟ್ಟು ಮೇಲಕ್ಕೆ ಕಳಿಸಿದ್ದಾಯಿತು. ಗಿಂಡಿ ಖಾಲಿ ಬರಲಿಲ್ಲ. ಆ ಮನೆಯಲ್ಲೂ ಅದೇ ಸಂವಿಧಾನವಿರಬೇಕು, ಕೇಕಿನ ಎರಡು ತುಂಡು ತುಂಬಿಕೊಂಡು ಬಂತು. ಕೇಕಿನಲ್ಲಿ ಏನಿದೆಯೆಂದು ಅಮ್ಮ ಕೇಳಲಿಲ್ಲ, ನಾನು ಹೇಳಲಿಲ್ಲ. ಆ ವಾರ ಅವರ ಕೆಮ್ಮು ಬಹಳ ಕಡಿಮೆಯಿತ್ತು. ಸಂಕ್ರಾಂತಿಗೆ ಮೂರು ದಿನ ಇರುವಾಗ ನನ್ನ ಕೈಗೆ ಚೀಲ ಕೊಟ್ಟು, "ಇನ್ನೊಂದ್ ಅರ್ಧ ಕೆಜಿ ಬೆಣ್ಣೆ ತಂದು, ಅವತ್ತಿನ ಹಾಗೇ ಕೆಡಿಸಿಕೊಡು" ಎಂದರು.