ಶೇಕಡಾ 89ರ ಅವಲಕ್ಕಿ

ನ್ಯೂಜೆರ್ಸಿಯ ಒಂದು ಅಡುಗೆಮನೆ. ಅಳಿಯ ಲ್ಯಾಪ್‌ಟಾಪಿನ ಮುಂದೆ, ಮಾವ ಒಲೆಯ ಮುಂದೆ. ಬಾಣಲೆಯಲ್ಲಿ ಸಾಸಿವೆ ಸಿಡಿಯುತ್ತಿದೆ.

"ಅಧ್ಯಕ್ಷರ ಜನಮೆಚ್ಚುಗೆ ಶೇಕಡಾ 50 ದಾಟಿದ್ರೆ ಚುನಾವಣೆ ಗೆದ್ದ ಹಾಗೇ, ಮಾವ."

"1991ರಲ್ಲಿ ಕೊಲ್ಲಿ ಯುದ್ಧ ಗೆದ್ದಾಗ ಅಪ್ಪ ಬುಷ್‌ಗೆ ಎಷ್ಟಿತ್ತು, ಅಳಿಯಂದ್ರೇ?"

"ಗ್ಯಾಲಪ್ ಸಮೀಕ್ಷೆಯ ಲೆಕ್ಕದಲ್ಲಿ 89."

"ಮರುವರ್ಷ?"

"ಕ್ಲಿಂಟನ್ ಗೆದ್ರು. ಜನರ ಜೇಬು ಖಾಲಿಯಾಗಿತ್ತು ನೋಡಿ. ಅದು ಅಪವಾದ."

"1948ರ ಟ್ರೂಮನ್?"

"ವಸಂತದಲ್ಲಿ 40ರ ಕೆಳಗಿದ್ರು... ನವೆಂಬರಲ್ಲಿ ಗೆದ್ರು. ಅದೂ ಅಪವಾದ."

"ಎದುರಾಳಿ ಡ್ಯೂಯಿ ಗೆಲ್ತಾರೆ ಅಂತ ಗ್ಯಾಲಪ್ ಹೇಳಿತ್ತಲ್ಲ?"

"ಮತದಾನಕ್ಕೆ ಮುಂಚೆಯೇ ಸಮೀಕ್ಷೆ ನಿಲ್ಲಿಸಿಬಿಟ್ಟಿದ್ರು."

"ನಮ್ಮೂರ ಜೋಯಿಸರೂ ಅಷ್ಟೇ, ದಕ್ಷಿಣೆ ಕೈಗೆ ಬಿದ್ದಮೇಲೆ ಗ್ರಹಗಳ ಕಡೆ ತಲೆ ಎತ್ತಲ್ಲ. ಸರಿ, 2000?"

ಅಳಿಯ ಕನ್ನಡಕ ಒರೆಸಿಕೊಂಡ. ಸೋಲುವ ಮುನ್ನ ಅವನಿಗೆ ಕನ್ನಡಕ ಮಸುಕಾಗುತ್ತದೆ.

"ಜನ ಮೆಚ್ಚಿದ್ದು ಕ್ಲಿಂಟನ್ನ. ನಿಂತಿದ್ದು ಅವರ ಪಕ್ಷದ ಗೋರ್. ದೇಶದಲ್ಲಿ ಹೆಚ್ಚು ಮತ ಬಿದ್ದದ್ದೂ ಗೋರ್‌ಗೇ. ಆದ್ರೆ ಎಲೆಕ್ಟೋರಲ್ ಕಾಲೇಜಲ್ಲಿ ಗೆಲ್ಲೋಕೆ ಬೇಕಾದ 270 ಮತ ಬರಲಿಲ್ಲ."

"ಅಪವಾದ?"

"ಅಪವಾದ. ಸದ್ಯ ತಟ್ಟೆ ಕೊಡಿ."

"ಅವಲಕ್ಕಿ ಹೇಗಿದೆ?"

"ಶೇಕಡಾ 89, ಮಾವ!"

"ಹಾಗಾದ್ರೆ ನಾಳೆ ಅಡುಗೆಗೆ ಬೇರೆಯವರನ್ನ ಕರೆಸ್ತೀರಿ ಅನ್ನಿ."